ಪುಕ್ಕಟೆ ಕಾವು

ನನ್ನ ಕಾರಿಗೆ ಹೀಟರ್ ಇದೆ ಎಂಬುದು ಅದನ್ನು ಕೊಂಡು ಮೂರು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ರಾಯಚೂರಿನಲ್ಲಿರುವವರಿಗೆ ಗೊತ್ತಾಗುವ ಕಾರಣವೂ ಇಲ್ಲ. ಬೇಸಿಗೆಯಲ್ಲಿ ಸ್ಟೇರಿಂಗಿಗೆ ಒದ್ದೆ ಟವೆಲ್ ಸುತ್ತಿ ಹಿಡಿಯುವ ಊರು ನಮ್ಮದು. ಇಂಥ ಊರಿನ ಕಾರಿನೊಳಗೆ ಇನ್ನಷ್ಟು ಬಿಸಿ ಮಾಡುವ ಗುಂಡಿ ಇಟ್ಟಿದ್ದಾರೆ ಅಂದರೆ ಇಟ್ಟವನ ತಲೆ ಸರಿಯಿಲ್ಲ ಎಂದೇ ನಾವು ತಿಳಿಯುತ್ತೇವೆ. ಮಾರಿದವನು ಕೂಡ ತಿರುಗಿಸುವ ಗುಂಡಿಯ ನೀಲಿ ಬದಿಯನ್ನು ತೋರಿಸಿ, ಕೆಂಪು ಬದಿಗೆ ಬಂದಾಗ "ಇದು ನಮ್ಮ ಕಡಿ ಕೆಲಸಕ್ಕ ಬರಂಗಿಲ್ರೀ" ಎಂದು ಮುಂದೆ ಹೋಗಿದ್ದ. ಅದರ ಮೇಲೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ನಾನು ಕಿತ್ತಿರಲೇ ಇಲ್ಲ.

ಕೊನೆಗೆ ಕಿತ್ತಿದ್ದು ಮೊಮ್ಮಗಳ ಸಲುವಾಗಿ.

ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ಕೂಸನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಔಷಧದ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಒಂದೇ ಮಾತು ಹೇಳಿದರು: ಈ ಕೂಸು ತಣ್ಣಗಾಗಬಾರದು. ತಾಯಿ ತನ್ನ ಬರಿ ಎದೆಗೆ ಕೂಸಿನ ಬರಿ ಎದೆ ಹಚ್ಚಿಕೊಂಡು, ಮೇಲೆ ಹೊದ್ದುಕೊಂಡು ಕೂರಬೇಕು. ತಾಯಿಗೆ ಆಗದಿದ್ದರೆ ಅಪ್ಪ, ಅಜ್ಜಿ, ಅಜ್ಜ, ಯಾರಾದರೂ ಸರಿ. ಮೈಯ ಕಾವಿನಷ್ಟು ಒಳ್ಳೆಯದು ಯಾವ ಯಂತ್ರದಲ್ಲೂ ಇಲ್ಲ ಎಂದರು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಉಷ್ಣದ ಪಾಠವನ್ನು ನನಗೇ ಹೇಳುತ್ತಾರಲ್ಲ ಎಂದು ಒಳಗೊಳಗೇ ಸಿಡುಕಿದೆ. ಸಿಡುಕು ನನಗೆ ಹುಟ್ಟಿನಿಂದ ಬಂದದ್ದು, ಅದಕ್ಕೆ ದಿನ ತುಂಬಿಯೇ ಹುಟ್ಟಿದ್ದೇನೆ.

ನನಗೆ ಕಾಲೇಜಿನಲ್ಲಿ ರಜೆ ಸಿಗಲಿಲ್ಲ. ಹಾಗಾಗಿ ಬಾಣಂತನ ದೇವದುರ್ಗದಲ್ಲಿ, ನನ್ನ ತವರಿನಲ್ಲಿ ನಡೆಯಿತು. ಅಲ್ಲಿ ನನ್ನ ಅವ್ವನದೇ ಕಾಯ್ದೆ. ಕಿಟಕಿ ತೆರೆಯುವಂತಿಲ್ಲ, ಫ್ಯಾನು ಹಾಕುವಂತಿಲ್ಲ, ಅಗ್ಗಿಷ್ಟಿಗೆಯ ಕೆಂಡ ಆರುವಂತಿಲ್ಲ. ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಗಬ್ಬೂರಿನ ಮೇಲೆ ಹಾದು ನಾನು ಹೋಗಿ ಬಾಗಿಲು ತೆರೆದರೆ ಒಳಗಿನ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಎರಡು ತಿಂಗಳಲ್ಲಿ ಕೂಸು ಗುಂಡಗಾಗದಿದ್ದರೂ ಕೂಸಿನ ಹಾಗೆ ಕಾಣತೊಡಗಿತು. ಮೊದಲು ಅದು ಯಾವುದೋ ಯೋಚನೆಯಲ್ಲಿರುವ ಮುದುಕಿಯ ಹಾಗೆ ಕಾಣುತ್ತಿತ್ತು.

ಇನ್ನು ಬೀಗರು, ಅಂದರೆ ಮಗಳ ಮಾವ. ಮಾನ್ವಿಯಲ್ಲಿ ಅವರದು ಅಕ್ಕಿ ಗಿರಣಿ. ದೊಡ್ಡ ದೇಹ, ದೊಡ್ಡ ದನಿ, ತಲೆಗೆ ರುಮಾಲು, ಹಣೆ ತುಂಬ ವಿಭೂತಿ. ಮದುವೆಯಲ್ಲಿ ಅವರ ಕಡೆಯವರಿಗೆ ಬಡಿಸಿದ ಹೋಳಿಗೆ ಆರಿ ತಣ್ಣಗಾಗಿತ್ತು ಎಂಬ ವಿಷಯಕ್ಕೆ ನಮ್ಮಿಬ್ಬರ ಮಾತು ನಿಂತಿತ್ತು. ಎದುರುಬದುರು ಕೂತಾಗಲೂ ನಡುವೆ ಮಗಳನ್ನು ಕೂರಿಸಿಕೊಂಡೇ ಮಾತಾಡುತ್ತಿದ್ದೆವು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಅನ್ನುವುದು ರೂಢಿ. ಅವರು ಅಷ್ಟನ್ನೂ ಅನ್ನದೆ "ನಿಮ್ಮವ್ವಗ ಹೇಳವಾ" ಎಂದು ಶುರು ಮಾಡುತ್ತಿದ್ದರು.

ನನ್ನ ಕಾರು ಅವರಿಗೆ ಕಣ್ಣಿನ ಕಸವಾಗಿತ್ತು. "ನಿಮ್ಮವ್ವಗ ಹೇಳವಾ, ಕರೆಂಟ್ ನಂಬಿ ಊರು ಬಿಟ್ಟವ್ರು ಊರು ಮುಟ್ಟಂಗಿಲ್ಲ ಅಂತ. ಡೀಸೆಲ್ ಜೀಪಿನ್ಯಾಗ ಕಾವು ಪುಕ್ಕಟೆ ಬರ್ತದ. ಇದರಾಗ ಕಾವಿಗೂ ಬ್ಯಾಟರಿ ಸುಡಬೇಕು." ನನಗೆ ಸಿಟ್ಟು ತರಿಸುತ್ತಿದ್ದುದು ಅವರ ಮಾತಲ್ಲ, ಆ ಮಾತು ನಿಜವಾಗಿದ್ದುದು. ಡೀಸೆಲ್ ಎಂಜಿನ್ ಅಂದರೆ ಕೋಡೊಲೆ ಇರುವ ಒಲೆಯಿದ್ದಂತೆ. ಮುಂದೆ ಅನ್ನ ಬೇಯುತ್ತಿದ್ದರೆ ಪಕ್ಕದ ಕೋಡಿನಲ್ಲಿ ನೀರು ತಾನಾಗಿ ಕಾಯುತ್ತದೆ. ಕರೆಂಟಿನ ಕಾರಿನ ಮೋಟಾರು ಕಾವನ್ನು ಚೆಲ್ಲುವುದೇ ಕಡಿಮೆ. ಅಲ್ಲಿ ನೀರು ಬೇಕಾದರೆ ಬೇರೆ ಒಲೆ ಹೊತ್ತಿಸಬೇಕು, ಅದೇ ಬ್ಯಾಟರಿಯ ಕಟ್ಟಿಗೆಯಿಂದ. ಮೇಲಾಗಿ ಚಳಿಗೆ ಬ್ಯಾಟರಿಯೂ ಮಂಕಾಗುತ್ತದೆ.

ಅವರ ಮೇಲೆ ನನಗೆ ಇನ್ನೊಂದು ಸಿಟ್ಟಿತ್ತು. ಆಸ್ಪತ್ರೆಗೆ ಬಂದವರು ಗಾಜಿನ ಆಚೆ ನಿಂತು ಕೂಸನ್ನು ನೋಡಿ, ಒಂದು ಮಾತೂ ಆಡದೆ ಹೋಗಿಬಿಟ್ಟರು. ಆಮೇಲೆ ದೇವದುರ್ಗಕ್ಕೆ ಎಷ್ಟೋ ಸಲ ಬಂದರು, ಒಮ್ಮೆಯೂ ಕೂಸನ್ನು ಎತ್ತಿಕೊಳ್ಳಲಿಲ್ಲ. ಅವ್ವ ಕೈಗೆ ಕೊಡಲು ಹೋದರೆ "ಬ್ಯಾಡ್ರೀ ಯವ್ವಾ, ಜಾರಿಗೀರಿ ಬೀಳ್ತದ" ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹೆಣ್ಣು ಕೂಸೆಂದು ಮೂಗು ಮುರಿಯುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಆದರೆ ಬಂದಾಗಲೆಲ್ಲ ಬಾಣಂತಿಯ ನೀರು ಕಾಸಲು ಗಿರಣಿಯ ಭತ್ತದ ಹೊಟ್ಟನ್ನು ಚೀಲಗಟ್ಟಲೆ ತರುತ್ತಿದ್ದರು, ಜೊತೆಗೆ ಒಂದು ಕೌದಿ. ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿದ ಆ ಕೌದಿಗಳು ಒಂದರ ಮೇಲೊಂದು ಏರಿ ನಮ್ಮ ಮನೆಯ ಮೂಲೆಯಲ್ಲಿ ಗುಡ್ಡವಾದವು. ನಮ್ಮ ಮನೆಯಲ್ಲಿ ಹೊದಿಕೆಯೇ ಇಲ್ಲವೆಂದು ತಿಳಿದಿದ್ದಾರೆ ಎಂದು ಅದಕ್ಕೂ ಸಿಟ್ಟಾದೆ.

ಬಾಣಂತಿಯನ್ನು ಗಂಡನ ಮನೆಗೆ ಕಳಿಸುವ ದಿನ ಬಂತು. ಜನವರಿ. ಆ ವಾರ ನಮ್ಮ ಕಡೆ ಎಂದೂ ಇಲ್ಲದ ಚಳಿ. ಚಳಿ ಅಂದರೆ ಹಿಮವೇನೂ ಬೀಳಲಿಲ್ಲ, ಆದರೆ ದೇವದುರ್ಗದ ಗಂಡಸರು ಮಂಗ್ಯಾ ಟೋಪಿ ಹಾಕಿಕೊಂಡು, ಅದರ ಮೇಲೆ ಟವೆಲ್ ಸುತ್ತಿಕೊಂಡು ಒಬ್ಬರನ್ನೊಬ್ಬರು ಗುರುತು ಹಿಡಿಯದೆ ಓಡಾಡುತ್ತಿದ್ದರು. ಹನ್ನೊಂದಕ್ಕೆ ಹೊರಡೋಣ, ಆಗ ಬಿಸಿಲೇ ಹೀಟರು ಎಂದು ನಾನು ಹೇಳಿದೆ. ಕೇಳುವವರು ಯಾರು? ಮಾನ್ವಿಯಿಂದ ಅಪ್ಪಣೆ ಬಂದಿತ್ತು: ಸೋಮವಾರ, ಏಳೂವರೆಗೆ ರಾಹುಕಾಲ ಹಿಡಿಯುತ್ತದೆ, ಅದರೊಳಗೆ ಕೂಸು ಮಾನ್ವಿಯ ಮನೆಯ ಹೊಸಿಲು ದಾಟಬೇಕು. ಅಂದರೆ ಇಡೀ ದಿನದಲ್ಲಿ ಅತಿ ತಣ್ಣಗಿರುವ ಹೊತ್ತನ್ನು ಹುಡುಕಿ, ತಣ್ಣಗಾಗಬಾರದ ಕೂಸಿಗೆ ಗೊತ್ತು ಮಾಡಿದ್ದರು. ಹೊತ್ತು ಅವರು ಗೊತ್ತು ಮಾಡಿದ ಮೇಲೆ ಗಾಡಿಯನ್ನು ನಾನು ಗೊತ್ತು ಮಾಡುತ್ತೇನೆ ಎಂದು ಹಟ ಹಿಡಿದೆ. ಕೂಸು ಹೋದರೆ ನನ್ನ ಕಾರಿನಲ್ಲೇ ಹೋಗಬೇಕು.

ಹಿಂದಿನ ದಿನ ಸಂಜೆ ದೇವದುರ್ಗ ಮುಟ್ಟಿ, ಹಿತ್ತಲ ಪ್ಲಗ್ಗಿಗೆ ಕಾರನ್ನು ಚಾರ್ಜಿಗೆ ಹಾಕಿದೆ. ಬೆಳಗಿನ ತನಕ ಹೊಟ್ಟೆ ತುಂಬ ಕುಡಿಯುತ್ತದೆ ಎಂಬ ಧೈರ್ಯದಿಂದ ಮಲಗಿದೆ. ಬೀಗರು ತಮ್ಮ ಮನೆಯ ಹೆಂಗಸರನ್ನು ಕರೆದುಕೊಂಡು ಜೀಪಿನಲ್ಲಿ ಬಂದು ಉಂಡು ಮಲಗಿದ್ದರು. ನಸುಕಿಗೆ ಎದ್ದು ನೋಡಿದರೆ ಪ್ಲಗ್ಗಿನ ಸ್ವಿಚ್ಚು ಬಂದಾಗಿದೆ, ಕಾರಿನ ಬಾನೆಟ್ಟಿಗೆ ಯಾರೋ ಎರಡು ಕೌದಿ ಹೊದಿಸಿದ್ದಾರೆ.

"ಯಾರು ಬಂದ್ ಮಾಡಿದ್ರು ಬೇ ಇದನ್ನ?" ಎಂದೆ.

"ನಾನ. ಮಲಗೂ ಮುಂದ ಮನ್ಯಾಗಿನ ಎಲ್ಲಾ ಸ್ವಿಚ್ಚು ಬಂದ್ ಮಾಡಿ ಮಲಗಬೇಕು," ಅವ್ವ ಹೇಳಿದಳು. "ಬ್ಯಾಟರಿಗಿ ಥಂಡಿ ಬಡೀತದ ಅಂದಿದ್ದೆಲ್ಲ, ಅದಕ್ಕ ಹೊಚ್ಚೀನಿ. ಇನ್ನೇನು ಬೇಕು ನಿನಗ?"

ಸತ್ತ ಕಾರಿಗೆ ಕೌದಿ ಹೊದಿಸಿದರೆ ಅದು ಬೆಚ್ಚಗಾಗುವುದಿಲ್ಲ, ಒಳಗೆ ಕಾವು ಹುಟ್ಟಿದರೆ ಮಾತ್ರ ಹೊದಿಕೆ ಅದನ್ನು ಹಿಡಿದಿಡುತ್ತದೆ ಎಂದು ಅಂಗಳದಲ್ಲಿ ನಿಂತು ಅವ್ವನಿಗೆ ಉಷ್ಣದ ಅಧ್ಯಾಯ ಪೂರ್ತಿ ಹೇಳಿದೆ. ಅವಳು ಪೂರ್ತಿ ಕೇಳಿ, "ಆತು, ಹಂಗಾರ ಒಳಗ ಕಾವು ಹುಟ್ಟಸು" ಎಂದಳು. ಮಾತು ಸರಿಯಾಗಿಯೇ ಇತ್ತು. ಬ್ಯಾಟರಿ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು, ಸಿರವಾರದ ಮೇಲೆ ಹಾದು ಮಾನ್ವಿ ಮುಟ್ಟಲು ಸಾಕು. ಪ್ಲಾಸ್ಟಿಕ್ ಹಾಳೆ ಕಿತ್ತೆ, ಗುಂಡಿಯನ್ನು ಕೆಂಪಿನ ಕೊನೆಗೆ ತಿರುಗಿಸಿದೆ, ಐದು ನಿಮಿಷದಲ್ಲಿ ಬಂದೆ ಎಂದು ಒಳಗೆ ಹೋದೆ.

ತವರಿನ ಮನೆಯಲ್ಲಿ ಬಾಣಂತಿಯನ್ನು ಕಳಿಸುವ ಐದು ನಿಮಿಷ ಹೇಗಿರುತ್ತದೆ ಎಂದು ಗೊತ್ತಿದ್ದವರು ನಗುತ್ತೀರಿ. ಉಡಿ ತುಂಬಬೇಕು. ಉಡಿಗೆ ಹಾಕುವ ಕೊಬ್ಬರಿ ಬಟ್ಟಲು ಸಿಗಲಿಲ್ಲ. ಅದು ಸಿಕ್ಕಾಗ ಉಡಿ ತುಂಬಬೇಕಾದ ಮುತ್ತೈದೆ ಸಿಗಲಿಲ್ಲ. ಕೂಸಿಗೆ ತಲೆ ಮುಚ್ಚುವ ಕುಂಚಿಗೆ ಕಟ್ಟಿದ ಮೇಲೆ ಅದು ಒದ್ದೆ ಮಾಡಿಕೊಂಡು ಮತ್ತೆ ಬಿಚ್ಚಿಸಿತು. ಅಷ್ಟರಲ್ಲಿ ಬೀಗರ ಜೀಪು ತೊಟ್ಟಿಲು, ಉಂಡಿಯ ಬುಟ್ಟಿ, ಹೆಂಗಸರು, ಎಲ್ಲವನ್ನೂ ತುಂಬಿಕೊಂಡು ಮುಂದೆ ಹೊರಟುಹೋಯಿತು, ಆರತಿ ಹಿಡಿಯುವವರು ಮೊದಲು ಮುಟ್ಟಬೇಕಲ್ಲ. ಬೀಗರು ಮಾತ್ರ ಉಳಿದರು. ತಾವು ಕೂಸಿನ ಗಾಡಿಯಲ್ಲಿ ಬರುತ್ತಾರಂತೆ. ನನ್ನ ಕಾರು ದಾರಿಯಲ್ಲಿ ನಿಲ್ಲುವುದನ್ನು ಕಣ್ಣಾರೆ ನೋಡಲು ಇರಬೇಕು ಎಂದುಕೊಂಡೆ.

ಅಂತೂ ಹೊರಗೆ ಬಂದರೆ ಕಾರಿನ ಗಾಜುಗಳೆಲ್ಲ ಒಳಗಿನಿಂದ ಮಸುಕಾಗಿವೆ. ಬಾಗಿಲು ತೆಗೆದೆ. ಮುಂದಿನ ಸೀಟಿನಲ್ಲಿ ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ಹಿಂದೆ ಓಣಿಯ ಮೂವರು ಮುದುಕಿಯರು ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿಕೊಂಡು, ಬಿಸಿಗಾಳಿ ಬರುವ ಕಡೆ ಕಾಲು ಚಾಚಿ ಕೂತಿದ್ದರು. ಸ್ಟೇರಿಂಗಿನ ಮೇಲೆ ಕೂಸಿನ ಲಂಗೋಟಿಗಳು ಒಣಗುತ್ತಿದ್ದವು.

"ಏನ್ ಮಾಡಾಕತ್ತೀ ಬೇ ಇಲ್ಲಿ?"

"ನೀರು ಹಾಕೂ ಮುಂದ ಮೊದಲು ನಮ್ಮ ಮೊಣಕೈಗಿ ಹಾಕ್ಕೊಂಡು ನೋಡ್ತೀವಿಲ್ಲ, ಹಂಗ," ಅವ್ವ ಕಣ್ಣು ತೆರೆಯದೆ ಹೇಳಿದಳು. "ಈ ಕಾವು ಕೂಸಿಗಿ ಆಗಿ ಬರ್ತದೋ ಇಲ್ಲೋ ನಾ ಕುಂತು ನೋಡಬೇಕಲ್ಲ."

"ನೋಡಾಕ ಇಷ್ಟೊತ್ತು ಬೇಕೇನು? ನಾಕು ಮಂದಿ ಬೇಕೇನು?"

"ಬರೋಬ್ಬರಿ ನೋಡಬೇಕಂದ್ರ ಹೊತ್ತು ಹಿಡೀತದ."

ಹಿಂದಿನಿಂದ ಒಬ್ಬ ಮುದುಕಿ ಸಾಕ್ಷಿ ಹೇಳಿದಳು. "ಭಾಳ ಚೊಲೊ ಅದ ಅಕ್ಕೋರ. ಹೊಗಿ ಇಲ್ಲ, ಬೂದಿ ಇಲ್ಲ. ನನ್ನ ಮೊಣಕಾಲು ಇವತ್ತು ನನ್ನ ಮಾತು ಕೇಳಾಕತ್ಯಾವ. ನಾಳಿಗೂ ನಿಲ್ಲಸ್ತೀರೇನ್ರೀ?"

ನನ್ನ ಪಿತ್ತ ನೆತ್ತಿಗೇರಿತು. ಪರದೆಯ ಮೇಲೆ ನೋಡಿದರೆ ಬ್ಯಾಟರಿ ಕಾಲು ಭಾಗದ ಆಸುಪಾಸಿಗೆ ಇಳಿದಿದೆ. ಕಾರು ಒಂದು ಗೇಣೂ ಸರಿದಿಲ್ಲ, ಮುದುಕಿಯರ ಮೊಣಕಾಲಿಗೆ ದಾರಿಯ ಅರ್ಧ ಕರೆಂಟು ಹೋಗಿದೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ನಮ್ಮ ಜಿಲ್ಲೆಯಲ್ಲೇ ಕಲ್ಲಿದ್ದಲು ಸುಟ್ಟು ಊರೂರಿಗೆ ಕರೆಂಟು ಕಳಿಸುತ್ತಾರೆ, ಅದು ಬೆಂಗಳೂರಿನ ಲಿಫ್ಟು ಎತ್ತಲಿ, ದೇವದುರ್ಗದ ಮುದುಕಿಯನ್ನು ಎತ್ತಲಿ ನನಗೇನು? ಆದರೆ ಇವತ್ತು, ಈ ಹೊತ್ತಿಗೇ ಎತ್ತಬೇಕಾಗಿತ್ತೇ? ಒಬ್ಬೊಬ್ಬರನ್ನೇ ಇಳಿಸಿದೆ. ಇಳಿಯುವಾಗ ಮೂವರೂ ಸೀಟು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಹೊರಡುವ ಹೊತ್ತಿಗೆ ಲೆಕ್ಕ ಹಾಕಿದೆ. ಹೀಟರನ್ನು ನಡುಮಟ್ಟಕ್ಕೆ ಇಳಿಸಿ ಮೆಲ್ಲಗೆ ಹೋದರೆ ಮುಟ್ಟಬಹುದು. ಒಮ್ಮೆ ಬೆಚ್ಚಗಾದ ಕಾರು, ಬಾಗಿಲು ತೆರೆಯದಿದ್ದರೆ, ಬೆಚ್ಚಗೇ ಇರುತ್ತದೆ. ಬಾಗಿಲು ತೆರೆಯದಿದ್ದರೆ ಎಂಬುದನ್ನು ನಾಲ್ಕು ಸಲ ಹೇಳಿ ಎಲ್ಲರಿಂದ ಹೂಂ ಅನ್ನಿಸಿಕೊಂಡೆ. ಹಿಂದೆ ಮಗಳು, ಬಾನೆಟ್ಟಿನ ಮೇಲಿದ್ದ ಎರಡೂ ಕೌದಿ ಪಕ್ಕಕ್ಕಿಟ್ಟುಕೊಂಡು, ಕೂಸನ್ನು ಹಿಡಿದು ಕೂತಳು, ಮುಂದೆ ನನ್ನ ಪಕ್ಕ ಬೀಗರು. ದಾರಿಯಲ್ಲಿ ಮಂಜು. ಎರಡೂ ಬದಿ ಹತ್ತಿಯ ಹೊಲ, ಆಗೊಂದು ಈಗೊಂದು ಬೆಳಕು.

ಬೀಗರು ಬಿಸಿಗಾಳಿ ಬರುವ ಕಿಂಡಿಗೆ ಅಂಗೈ ಹಿಡಿದುಕೊಂಡೇ ಕೂತಿದ್ದರು. ಸ್ವಲ್ಪ ಹೊತ್ತಿಗೊಮ್ಮೆ, "ಕಾವು ಕಡಿಮಿ ಆದಂಗ ಅದ, ನಿಮ್ಮವ್ವಗ ಕೇಳವಾ" ಅನ್ನುವರು. "ಸಾಕಷ್ಟು ಅದ ಅಂತ ನಿಮ್ಮ ಮಾವಗ ಹೇಳವಾ" ಎಂದು ನಾನು ಅನ್ನುವೆನು. ನಡುವೆ ಮಗಳು ಏನನ್ನೂ ದಾಟಿಸುತ್ತಿರಲಿಲ್ಲ, ದಾಟಿಸುವ ಅಗತ್ಯವೂ ಇರಲಿಲ್ಲ, ಎಲ್ಲರೂ ಒಂದೇ ಮೊಳದ ಅಂತರದಲ್ಲಿ ಕೂತಿದ್ದೆವಲ್ಲ. ಅವರು ಚುಚ್ಚುತ್ತಿದ್ದಾರೆ ಎಂದು ನಾನು ಹಲ್ಲು ಕಚ್ಚಿಕೊಂಡು ಓಡಿಸಿದೆ.

ಸಿರವಾರ ದಾಟಿದ ಮೇಲೆ ಮಗಳು, "ಯವ್ವಾ, ಏನೋ ಹುಳಿ ವಾಸನಿ ಬರಾಕತ್ತದ" ಎಂದಳು. ಕೂಸಿನದಿರಬೇಕು ಎಂದೆ. ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಯವ್ವಾ, ನನ್ನ ಪಾದಕ್ಕ ಏನೋ ಬೆಚ್ಚಗ ಹತ್ತೇದ" ಎಂದಳು. ಬೀಗರು ಹಿಂದಕ್ಕೆ ಬಾಗಿ ಮೊಬೈಲಿನ ಬೆಳಕು ಹಾಕಿದರು. ನನ್ನ ಸೀಟಿನ ಕೆಳಗೆ ಒಂದು ಪಾತೇಲಿ. ಅದರ ಮುಚ್ಚಳವನ್ನು ಎತ್ತಿಕೊಂಡು ದೋಸೆ ಹಿಟ್ಟು ಉಬ್ಬಿ, ಉಕ್ಕಿ, ಮಗಳ ಪಾದದ ಮೇಲೆ ನಿಧಾನವಾಗಿ ಹರಿಯುತ್ತಿದೆ. ಚಳಿಗೆ ಹಿಟ್ಟು ಹುಳಿ ಬರಲಿಲ್ಲವೆಂದು ಮುದುಕಿಯರಲ್ಲಿ ಯಾರೋ ನನ್ನ ಕಾರಿನಲ್ಲಿ ತಂದಿಟ್ಟು, ಮೊಣಕಾಲಿನ ಸುಖದಲ್ಲಿ ಮರೆತು ಇಳಿದಿದ್ದರು. ಈಗ ಅದು ಬೇಕಾದ್ದಕ್ಕಿಂತ ಹೆಚ್ಚು ಹುಳಿ ಬಂದಿತ್ತು.

ಮುಚ್ಚಿದ ಕಾರು, ಬಿಸಿ, ಹುಳಿ, ಕುಂಚಿಗೆಯ ಲೋಬಾನದ ಹೊಗೆ ವಾಸನೆ. ಮಗಳು ಕೂಸನ್ನು ಸೀಟಿನ ಮೇಲಿಟ್ಟು ಬಾಗಿಲು ತೆರೆಯುವಷ್ಟರಲ್ಲಿ ಅವಳಿಗೆ ವಾಂತಿಯಾಯಿತು. ಅರ್ಧ ಹೊರಗೆ, ಅರ್ಧ ತನ್ನ ಮೈಮೇಲೆ. ಗಾಡಿ ನಿಲ್ಲಿಸಿದೆ. ನಾಲ್ಕೂ ಬಾಗಿಲು ತೆರೆದವು. ಹೊಲದ ಮೇಲಿನ ಗಾಳಿ ನೇರ ಒಳಗೆ ಬಂದು, ಅಷ್ಟು ಹೊತ್ತು ಕೂಡಿಟ್ಟ ಕಾವನ್ನು ಒಂದೇ ಸಲಕ್ಕೆ ಬಳಿದುಕೊಂಡು ಹೋಯಿತು. ನೀರು ಹಾಕಿ ತೊಳೆದೆವು, ಮಗಳ ಸೀರೆ ಒದ್ದೆಯಾಯಿತು, ಅವಳು ನಡುಗಲು ಶುರು ಮಾಡಿದಳು. ಬೀಗರು ಹಿಟ್ಟಿನ ಪಾತೇಲಿಯನ್ನು ಚೆಲ್ಲಲು ಬಿಡಲಿಲ್ಲ, ಅನ್ನದೇವರು ಎಂದು ಡಿಕ್ಕಿಯಲ್ಲಿಟ್ಟು ಬಂದರು.

ಮತ್ತೆ ಒಳಗೆ ಕೂತು ಹೀಟರನ್ನು ಪೂರ್ತಿ ಕೆಂಪಿಗೆ ತಿರುಗಿಸಿದೆ. ಪರದೆಯ ಮೇಲೆ ಇನ್ನು ಹದಿನಾಲ್ಕು ಕಿಲೋಮೀಟರು ಓಡುತ್ತದೆ ಎಂದು ಬಂತು. ರಸ್ತೆ ಬದಿಯ ಕಲ್ಲಿನ ಮೇಲೆ ಮಾನ್ವಿ ಹದಿನೆಂಟು ಎಂದಿತ್ತು. ಹೀಟರು ಬಂದ್ ಮಾಡಿದೆ. ಹದಿನಾಲ್ಕು ಹೋಗಿ ಇಪ್ಪತ್ತೆರಡಾಯಿತು. ಮುಟ್ಟಬಹುದು, ಆದರೆ ತಣ್ಣಗೆ. ಕೈ ಹಿಂದೆ ಚಾಚಿ ಕೂಸಿನ ಪಾದ ಮುಟ್ಟಿದೆ. ಪಾದ ತಣ್ಣಗಿತ್ತು. ನನಗೆ ಹೆದರಿಕೆಯಾಯಿತು. ಇಡೀ ಅಧ್ಯಾಯ ಬಾಯಿಪಾಠ ಬರುವ ನನಗೆ ಆ ಹೊತ್ತಿಗೆ ಏನು ಮಾಡಬೇಕೆಂದು ಹೊಳೆಯಲಿಲ್ಲ.

ಬೀಗರು ಜೀಪಿನ ಡ್ರೈವರಿಗೆ ಫೋನು ಹಚ್ಚಿದರು. ಅವನು ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನು ಎತ್ತಿದರೆ ಕೆಲಸದಿಂದ ತೆಗೆಯುತ್ತೇನೆ ಎಂದು ಅವನಿಗೆ ತಾಕೀತು ಮಾಡಿದವರು ಬೀಗರೇ. ಹೆಂಗಸರ ಫೋನುಗಳೆಲ್ಲ ಉಂಡಿಯ ಬುಟ್ಟಿಗಳ ಕೆಳಗೆಲ್ಲೋ ಇದ್ದವು. ಹತ್ತಿರ ಮನೆಯಿಲ್ಲ. ಇದ್ದರೂ ಗಂಡನ ಮನೆಯ ಹೊಸಿಲು ದಾಟುವ ಮೊದಲು ಬೇರೊಬ್ಬರ ಹೊಸಿಲು ತುಳಿಯಬಾರದು ಎಂದು ಅವರೇ ಅಡ್ಡ ಬರುತ್ತಿದ್ದರೋ ಏನೋ.

ಮಗಳೇ ಮಾತಾಡಿದಳು. "ನನ್ನ ಮೈ ಒದ್ದಿ ಆಗೇದ ಯವ್ವಾ, ನಾ ಹಚ್ಕೊಂಡ್ರ ಕೂಸಿಗಿ ಥಂಡಿ ಆಗ್ತದ. ನೀ ಎದಿಗಿ ಹಚ್ಕೋ. ಮಾವಾರು ಗಾಡಿ ಹೊಡೀಲಿ."

"ಗೇರಿಲ್ಲದ ಗಾಡಿ ನನಗ ಹೊಡಿಯಾಕ ಬರಂಗಿಲ್ಲವಾ," ಎಂದರು ಬೀಗರು. ಸುಳ್ಳಲ್ಲ, ಕ್ಲಚ್ಚು ಹುಡುಕಿ ಅವರು ಕಾಲುವೆಗೆ ಇಳಿಸುತ್ತಿದ್ದರು.

"ಹಂಗಾರ ನೀವ ಹಚ್ಕೋರಿ ಮಾವಾರ. ಡಾಕ್ಟರು ಗಂಡಸ್ರೂ ಹಚ್ಕೋಬಹುದು ಅಂದಾರ."

ತಿಳಿಯದವರಿಗೆ ಹೇಳುತ್ತೇನೆ: ನಮ್ಮ ಕಡೆ ಬೀಗತಿಯ ಎದುರು ಬೀಗರು ರುಮಾಲು ಕೂಡ ತೆಗೆಯುವುದಿಲ್ಲ. ಸೊಸೆಯ ಎದುರು ಅಂಗಿ ಬಿಚ್ಚುವುದಂತೂ ಕನಸಿನಲ್ಲೂ ಇಲ್ಲ. ಬೀಗರು ನನ್ನ ಮುಖ ನೋಡಿದರು, ಕೂಸಿನ ಮುಖ ನೋಡಿದರು. ಆಮೇಲೆ ಕೆಳಗಿಳಿದು ಹಿಂದಿನ ಸೀಟಿಗೆ ಬಂದರು. ಮಗಳು ಮುಂದೆ ಬಂದು ಕೌದಿ ಹೊದ್ದು ಕೂತಳು. ಬೀಗರು ತಲೆಯ ರುಮಾಲು ಬಿಚ್ಚಿ, ಅದರ ಒಂದು ತುದಿಯನ್ನು ಬಲಬಾಗಿಲ ಮೇಲಿನ ಹಿಡಿಕೆಗೆ, ಇನ್ನೊಂದನ್ನು ಎಡಬಾಗಿಲ ಹಿಡಿಕೆಗೆ ಕಟ್ಟಿದರು. ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ಪರದೆಯಾಯಿತು. ನನ್ನ ಹಿಂಬದಿಯ ಕನ್ನಡಿಯಲ್ಲಿ ಈಗ ಬರಿ ರುಮಾಲಿನ ಗುಲಾಬಿ ಬಣ್ಣ.

"ಯಾರೂ ತಿರುಗಿ ನೋಡಬ್ಯಾಡ್ರಿ," ಪರದೆಯ ಹಿಂದಿನಿಂದ ದನಿ ಬಂತು.

"ನೋಡಂಗಿಲ್ಲ ಅಂತ ಹೇಳವಾ," ಎಂದೆ.

ಅಂಗಿಯ ಗುಂಡಿಗಳು ಬಿಚ್ಚುವ ಸದ್ದು, ಬನಿಯನ್ನು ಸಿಕ್ಕಿಕೊಂಡು ಒದ್ದಾಡುವ ಸದ್ದು. ಕೂಸು ಒಮ್ಮೆ ಕಿರುಗುಟ್ಟಿತು. ಮಗಳು ಮುಂದೆ ನೋಡುತ್ತಲೇ ಹೇಳಿಕೊಡುತ್ತಿದ್ದಳು: ಕುಂಚಿಗಿ ತಲಿಮ್ಯಾಲ ಇರಲಿ, ಕೂಸಿನ ಅಂಗಿ ಬಿಚ್ರಿ, ಮುಖ ಒಂದು ಕಡಿ ತಿರುಗಸ್ರಿ, ಮ್ಯಾಲ ಕೌದಿ ಹೊಚ್ರಿ. ನಾನು ಗಾಡಿ ಬಿಟ್ಟೆ. ಹಿಂದೇನು ಬರುತ್ತಿದೆ ಕಾಣದು, ಮುಂದೆ ಮಂಜು. ಹೀಟರು ಬಂದ್. ಇಬ್ಬರು ಹೆಂಗಸರು ಮುಂದೆ ಚಳಿಗೆ ಹಲ್ಲು ಕಡಿಯುತ್ತಿದ್ದೆವು.

ಕೂಸಿನ ಪಾದದ ತಣ್ಪು ಇನ್ನೂ ನನ್ನ ಬೆರಳಿನಲ್ಲೇ ಇತ್ತು. ತಡೆಯಲಾಗಲಿಲ್ಲ. ವರ್ಷಗಳ ಮೇಲೆ ಮೊದಲ ಸಲ ನೇರ ಮಾತಾಡಿದೆ.

"ಬೀಗರ, ಪಾದ ಹ್ಯಾಂಗವ?"

"ಬೆಚ್ಚಗಾಗಾಕತ್ಯಾವ ಅಕ್ಕೋರ." ಅಕ್ಕೋರ ಎಂದರು. "ನನ್ನ ಶಿವದಾರ ಹಿಡ್ಕೊಂಡದ. ಕೊರಳಾಗಿಂದು. ಗಟ್ಟಿ ಹಿಡ್ಕೊಂಡದ."

"ನಿಮ್ಮದು ಡೀಸೆಲ್ ಗಾಡಿ ಬೀಗರ. ಕಾವು ಪುಕ್ಕಟೆ."

ಅವರು ನಕ್ಕರು. ನಗುವಾಗ ಕೂಸು ಎದೆಯ ಮೇಲೆ ಕುಲುಕಿರಬೇಕು, ತಟ್ಟನೆ ನಗು ನಿಲ್ಲಿಸಿದರು. ಮತ್ತೆ ಸ್ವಲ್ಪ ದೂರ ಹೋದೆವು. ಆಮೇಲೆ ಪರದೆಯ ಹಿಂದಿನಿಂದ, ಅವರದಲ್ಲವೆಂಬಷ್ಟು ಸಣ್ಣ ದನಿ ಬಂತು.

"ನಮ್ಮದೂ ಒಂದು ಹಿಂಗ ಸಣ್ಣದು ಹುಟ್ಟಿತ್ತು ಅಕ್ಕೋರ. ನಿಮ್ಮ ಅಳಿಯಂದ್ರಗಿಂತ ಮೊದಲು. ಹೆಣ್ಣು. ಆವಾಗ ಈ ಪೆಟಿಗಿ ಗಿಟಿಗಿ ಎಲ್ಲಿದ್ವು? ಚಳಿಗಾಲದಾಗ ಎತ್ತಿನ ಗಾಡ್ಯಾಗ ದವಾಖಾನಿಗಿ ಒಯ್ಯಾಕತ್ತಿದ್ದೆ. ನನ್ನ ಕೈಯಾಗ ಇತ್ತು. ಅರಿವಿ ಸುತ್ತಿ ಹಿಡ್ಕೊಂಡಿದ್ದೆ. ಎದಿಗಿ ಹಚ್ಕೋಬೇಕಂತ ಯಾರೂ ಹೇಳಲಿಲ್ಲ. ಕೈಯಾಗ ತಣ್ಣಗಾತು."

ಮಗಳು ಹಿಂತಿರುಗಲು ಹೋದಳು. ನಾನು ಅವಳ ತೊಡೆಯ ಮೇಲೆ ಕೈಯಿಟ್ಟು ತಡೆದೆ. ನೋಡುವುದಿಲ್ಲ ಎಂದು ಮಾತು ಕೊಟ್ಟಿದ್ದೆವಲ್ಲ.

"ಇವತ್ತು ನಾನೂ ಹನ್ನೊಂದಕ್ಕ ಹೊಂಡೂಣು ಅಂದಿದ್ದೆ," ಎಂದರು ಅವರು. "ನಮ್ಮವ್ವ ಕೇಳಲಿಲ್ಲ."

"ನಮ್ಮವ್ವನೂ ಕೇಳಲಿಲ್ರೀ," ಎಂದೆ. ನನ್ನ ಕಣ್ಣಿಗೆ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ, ಗಾಜು ಒರೆಸಿದೆ, ಮಂಜು ಗಾಜಿನ ಮೇಲಿರಲಿಲ್ಲ.

ಬೀಗರ ಮನೆಯ ಮುಂದೆ ಕಾರು ನಿಂತಾಗ ಬ್ಯಾಟರಿಯಲ್ಲಿ ಉಳಿದದ್ದು ಹೇಳಿಕೊಳ್ಳುವಂಥದ್ದಲ್ಲ. ಏಳೂವರೆ ದಾಟಿ ಹೋಗಿತ್ತು. ಬಾಗಿಲಲ್ಲಿ ಆರತಿ ಹಿಡಿದ ಹೆಂಗಸರು, ಓಣಿಯ ಮಂದಿ, ಗಿರಣಿಯ ಹಮಾಲರು, ಎಲ್ಲರ ನಡುವೆ ಕುರ್ಚಿಯಲ್ಲಿ ಬೀಗರ ತಾಯಿ, ರಾಹುಕಾಲದ ಲೆಕ್ಕ ಇಟ್ಟಾಕೆ. ಹಿಂದಿನ ಬಾಗಿಲು ತೆರೆಯಿತು. ಮಾನ್ವಿಯ ಗಿರಣಿ ಸಾಹುಕಾರರು ಬರಿ ತಲೆಯಲ್ಲಿ, ಬರಿ ಮೈಯಲ್ಲಿ, ಎದೆಗೆ ಕೌದಿ ಕಟ್ಟಿಕೊಂಡು ಬೀದಿಗೆ ಇಳಿದರು. ಕೌದಿಯ ಮೇಲಂಚಿನಲ್ಲಿ ಒಂದು ಕುಂಚಿಗೆಯ ತುದಿ. ಅಳಿಯ ಓಡಿಬಂದು ಕೂಸಿಗೆ ಕೈಚಾಚಿದ.

"ತಡಿಯೋ," ಎಂದರು ಬೀಗರು. "ನಿದ್ದಿ ಹತ್ತೇದ."

ಮುದುಕಿ ಎದ್ದು ಬಂದಳು. ಕೌದಿಯೊಳಗೆ ಕೈ ಹಾಕಿ ಕೂಸಿನ ಪಾದ ಮುಟ್ಟಿ ನೋಡಿದಳು. ಮಗನ ಮುಖ ನೋಡಿದಳು. ಗಡಿಯಾರದ ಮಾತು ಎತ್ತಲೇ ಇಲ್ಲ. "ಆರತಿ ಮಾಡ್ರಿ" ಎಂದಳು. ಆರತಿ ನೇರ ಅವರ ಬರಿ ಎದೆಗೇ ಆಯಿತು, ಕುಂಕುಮ ಕೌದಿಯ ಅಂಚಿಗೆ ಬಿತ್ತು.

ಬಿಸಿ ಬಿಸಿ ಹೋಳಿಗೆ ಬಡಿಸಿದರು. ನಾನು ಒಂದು ಹೆಚ್ಚು ತಿಂದೆ. ದೋಸೆ ಹಿಟ್ಟನ್ನೂ ಯಾರೋ ಹಂಚಿಗೆ ಹಾಕಿದರು, ಗರಿಗರಿಯಾಗಿತ್ತು.

ಊಟ ಮುಗಿಸಿ ಹೊರಗೆ ಬಂದಾಗ ಹನ್ನೊಂದರ ಬಿಸಿಲು. ನಮ್ಮ ಕಡೆಯ ಬಿಸಿಲು, ಜನವರಿಯಲ್ಲೂ ತಲೆ ಕಾಯಿಸುವಂಥದ್ದು. ಗಿರಣಿಯ ಗೋಡೆಯಿಂದ ಒಂದು ವೈರು ಬಂದು ನನ್ನ ಕಾರಿಗೆ ಸೇರಿತ್ತು. ಬೀಗರು ಅಂಗಿ ಹಾಕಿ, ರುಮಾಲು ಸುತ್ತಿ ಮೊದಲಿನ ಹಾಗೆ ಆಗಿದ್ದರು. ಒಂದು ದಪ್ಪ ಕೌದಿಯನ್ನು ಬಾನೆಟ್ಟಿನ ಮೇಲೆ ಹರಡುತ್ತಿದ್ದರು.

"ಬ್ಯಾಟರಿಗಿ ಥಂಡಿ ಬಡದದಲ್ರೀ ಅಕ್ಕೋರ," ಎಂದರು. "ಚಾರ್ಜ್ ಆಗೂತನಕ ಇರಲಿ."

ಆ ಬಿಸಿಲಲ್ಲಿ ಬ್ಯಾಟರಿಗೆ ಬೇಕಾಗಿದ್ದುದು ನೆರಳು. ಉಷ್ಣದ ಅಧ್ಯಾಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಕೌದಿಯ ಇನ್ನೊಂದು ತುದಿ ಹಿಡಿದು ಗಾಳಿ ಹೋಗದಂತೆ ಸಿಕ್ಕಿಸಿದೆ.